ಮೇಣದ ಹಡಗು ಕರಗಿಸಬೇಡಿ

ಬಬಲೇಶ್ವರ
೨೩ ಆಗಸ್ಟ್ ೧೯೬೬

ದೂರದಲ್ಲಿದ್ದೂ ದಿನವೂ ನೆನಪಾಗುವ ನಿಮಗೆ ರಾಚವ್ವನ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ, ಅದಕ್ಕೇ ಬರೆದಿದ್ದೇನೆ. ನಾನು ಕಲಿಸುವ ಸಾಲಿಗೆ ಪಂಚಮಿಯ ಸೂಟಿ ಸಿಕ್ಕಿತು, ತಿಕೋಟಾದಿಂದ ತವರಿಗೆ ಬಂದಿದ್ದೇನೆ. ಪ್ರತಿ ವರ್ಷ ನನ್ನನ್ನು ಕರೆಯಲು ತಮ್ಮ ಗುರಣ್ಣ ಬರುತ್ತಿದ್ದ. ಈ ಸಲ ನಾನೇ ಬಸ್ಸು ಹತ್ತಿ ಬಂದೆ. ನಾನು ಇಳಿದ ಮೇಲೂ ಅವ್ವ ನನ್ನ ಹಿಂದೆ ಬಸ್ಸಿನ ಬಾಗಿಲನ್ನೇ ನೋಡುತ್ತ ನಿಂತಿದ್ದಳು. ಗುರಣ್ಣ ಹಡಗಿನಲ್ಲಿದ್ದಾನೆ ಎಂದು ಅವಳಿಗೆ ಗೊತ್ತು. ಆದರೂ ಪಂಚಮಿಗೆ ತಮ್ಮ ಬರದೆ ಅಕ್ಕ ಬಂದಳೆಂದರೆ ಅವಳಿಗೆ ಯಾಕೋ ಸರಿಬೀಳುವುದಿಲ್ಲ.

ಉಂಡಿ ಕಟ್ಟಿದೆವು. ಶೇಂಗಾ ಉಂಡಿ ಗುರಣ್ಣನಿಗೆ ಸೇರುತ್ತದೆಂದು ಅವ್ವ ಅವಷ್ಟನ್ನು ಬುಟ್ಟಿಯಲ್ಲಿಟ್ಟು, ಮೇಲೆ ಅರಿವೆ ಕಟ್ಟಿ, ನೆಲುವಿಗೆ ಏರಿಸಿದ್ದಾಳೆ. ಜೋಕಾಲಿಯನ್ನೂ ಕಟ್ಟಿದ್ದಾರೆ. ನಾನು ಕೂಡಲಿಲ್ಲ. ಎರಡು ಕಡೆಗೂ ತೂಗಿ ಮತ್ತೆ ನಡುವಿಗೆ ಬರುವುದನ್ನು ನೋಡಲಾಗದೆ ಒಳಗೆ ಬಂದು ಕೂತೆ. ಯಾಕೆ ಅಂತ ನಿಮಗೊಬ್ಬರಿಗೇ ಗೊತ್ತು.

ನಿಮಗೆ ಆ ನೌಕರಿ ಸಿಕ್ಕಿದ್ದು ನಮ್ಮ ಮದುವೆಯಾದ ವರ್ಷ, ಐವತ್ತೆಂಟರಲ್ಲಿ. ಹಡಗು ಕಟ್ಟುವುದನ್ನು ಸಂಶೋಧಿಸುವ ಸಂಸ್ಥೆಯಲ್ಲಿ ನಮ್ಮ ಬಡಿಗೇರ ಮನೆಯ ಅಳಿಯನಿಗೇನು ಕೆಲಸ ಎಂದು ಊರೆಲ್ಲ ನಕ್ಕಿತು. ನೀವು ಮಾತ್ರ ಎದೆ ಮುಂದೆ ಮಾಡಿ ಹೇಳಿದಿರಿ: ಇಷ್ಟು ದಿನ ನಮ್ಮ ಹಡಗಿನ ನಕಾಶೆ ಹೊರದೇಶದಿಂದ ಬರುತ್ತಿತ್ತು, ಇನ್ನು ಮೇಲೆ ಕಬ್ಬಿಣ ಕತ್ತರಿಸುವ ಮೊದಲೇ ನಮ್ಮ ಹಡಗನ್ನು ನಾವೇ ಪರೀಕ್ಷೆ ಮಾಡಿ ನೋಡುತ್ತೇವೆ. ಮೊದಲ ಎರಡು ವರ್ಷ ನೀವು ಮಾಡಿದ್ದೆಲ್ಲ ಸಾಹೇಬರ ಕುರ್ಚಿ, ಕಪಾಟು. ಇದ್ದದ್ದು ಸೋರುವ ಎರಡು ತಗಡಿನ ಶೆಡ್ಡು. ಆಮೇಲೆ ಉದ್ದನೆಯ ನೀರಿನ ಹೊಂಡ ಕಟ್ಟಿ ಮೇಲೆ ಮಾಡು ಹಾಕಿದರು. ಅದಕ್ಕೆ ನೀರು ಬಿಟ್ಟ ದಿನ ಕಣ್ಣಲ್ಲಿ ನೀರು ಬಂತೆಂದು ಬರೆದಿದ್ದಿರಿ. ಅಷ್ಟು ನೀರನ್ನು ಒಂದೇ ಕಡೆ ಕಂಡರೆ ನಮ್ಮ ಕಡೆಯ ಯಾರಿಗಾದರೂ ಅಳು ಬಂದೀತು ಎಂದು ನಾನು ನಿಮ್ಮ ಕಾಲೆಳೆದಿದ್ದೆ. ಈಗ ಹಾಗೆ ಕಾಲೆಳೆಯುವ ಉಮೇದು ನನ್ನಲ್ಲಿಲ್ಲ.

ಎರಡು ವರ್ಷದ ಹಿಂದೆ ರಜೆಗೆ ಬಂದಾಗ ಒಂದು ಪುಟ್ಟ ಮೇಣದ ದೋಣಿ ತಂದಿದ್ದಿರಿ. ನಿಮ್ಮ ಕೆಲಸ ಏನೆಂದು ನನಗೂ ಗುರಣ್ಣನಿಗೂ ತೋರಿಸಿದ್ದು ಆಗಲೇ. ದೊಡ್ಡ ಹಡಗಿನ ಆಕಾರವನ್ನೇ ಮೇಣದಲ್ಲಿ ಸಣ್ಣದಾಗಿ ಕೆತ್ತಿ, ಹೊಂಡದಲ್ಲಿ ಎಳೆದು, ಅಲೆ ಎಬ್ಬಿಸಿ ನೋಡುವುದು. ಪರೀಕ್ಷೆ ಮುಗಿದರೆ ಅದೇ ಮೇಣ ಕರಗಿಸಿ ಮುಂದಿನ ಹಡಗು ಮಾಡುವುದು. ದನದ ಬಾನಿಯಲ್ಲಿ ಆ ದೋಣಿ ಬಿಟ್ಟು, ಜೋಳವನ್ನು ಅರಿವೆಯಲ್ಲಿ ಗಂಟು ಕಟ್ಟಿ ಅದರೊಳಗಿಟ್ಟಿರಿ. ಬೆರಳಿನಿಂದ ವಾಲಿಸಿದರೆ ಅದು ಮತ್ತೆ ನೆಟ್ಟಗಾಗುತ್ತಿತ್ತು. ಆಮೇಲೆ ಗಂಟು ಬಿಚ್ಚಿ ಜೋಳವನ್ನು ಹಾಗೇ ಸುರಿದಿರಿ. ವಾಲಿಸಿದಾಗ ಜೋಳವೆಲ್ಲ ಒಂದೇ ಕಡೆಗೆ ಸರಿಯಿತು. ದೋಣಿ ಮತ್ತೆ ಏಳಲಿಲ್ಲ. ಗುರಣ್ಣ ಚಪ್ಪಾಳೆ ಹೊಡೆದ. ಸಮುದ್ರದ ಹುಚ್ಚು ಅವನಿಗೆ ಹತ್ತಿದ್ದು ಆ ಬಾನಿಯ ಹತ್ತಿರವೇ ಎಂದು ಅವ್ವ ಈಗಲೂ ನಿಮ್ಮನ್ನು ಬೈಯುತ್ತಾಳೆ, ಪ್ರೀತಿಯಿಂದಲೇ.

ಕಾರಹುಣ್ಣಿಮೆಯ ಹೊತ್ತಿಗೆ ನಿಮ್ಮ ಕಾಗದ ಬಂತು. ಈಗಾಗಲೇ ಓಡಾಡುತ್ತಿರುವ ಒಂದು ಕಾಳಿನ ಹಡಗು ಒಮ್ಮೆ ವಾಲಿಕೊಂಡೇ ಬಂದರು ಮುಟ್ಟಿತ್ತು, ಯಾಕೆ ಎಂದು ನೋಡಲು ಅದರ ಮೇಣದ ಮಾದರಿ ಮಾಡಿದ್ದೇವೆ, ಅದು ನಮ್ಮ ಮೂವತ್ತೊಂದನೆಯ ಹಡಗು ಎಂದಿದ್ದಿರಿ. ಒಳಗೆ ಸಡಿಲ ಕಾಳು ಹಾಕಿ ಪಕ್ಕದಿಂದ ಅಲೆ ಬಿಟ್ಟರೆ ಅದು ಮಗುಚುತ್ತದೆ, ಮೂರು ಸಲವೂ ಮಗುಚಿತು ಎಂದೂ ಬರೆದಿದ್ದಿರಿ. ಹಡಗಿನ ಹೆಸರು ಚಂದ್ರಗೌರಿ ಎಂದಿತ್ತು. ಚಂದದ ಹೆಸರು ಎಂದುಕೊಂಡು ಕಾಗದ ಮಡಿಚಿಟ್ಟು ರೊಟ್ಟಿ ಬಡಿಯಲು ಕೂತೆ.

ಗುರಣ್ಣ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ್ದಾನೆ ಎಂದಷ್ಟೇ ನಮಗೆ ಗೊತ್ತಿತ್ತು. ಹೆಸರನ್ನು ಅವನು ಬರೆದಿರಲಿಲ್ಲ, ನಾವೂ ಕೇಳಿರಲಿಲ್ಲ. ನಮಗೆ ಹಡಗೆಂದರೆ ಹಡಗು. ಜುಲೈಯಲ್ಲಿ ನಾನು ಇಲ್ಲಿಗೆ ಬಂದಿದ್ದಾಗಲೇ ಅವ್ವನಿಗೆ ಅವನ ಫೋಟೋ ಬಂತು. ಬಿಳಿ ಅಂಗಿ ತೊಟ್ಟು, ಕಂಬಿಗೆ ತೂಗುಹಾಕಿದ ಒಂದು ದೊಡ್ಡ ಬಳೆಯಂಥದಕ್ಕೆ ಆತು ನಿಂತಿದ್ದಾನೆ. ಮುಳುಗುವವರಿಗೆ ಎಸೆಯುವ ಬಳೆ ಅದು ಎಂದು ನೀವೇ ಒಮ್ಮೆ ಹೇಳಿದ್ದಿರಿ. ಅದರ ಸುತ್ತ ಬರೆದ ಇಂಗ್ಲಿಷ್ ಅಕ್ಷರಗಳನ್ನು ನಾನು ಒಂದೊಂದಾಗಿ ಕೂಡಿಸಿ ಓದಿದೆ. ಅವ್ವ ಪಕ್ಕದಲ್ಲೇ ಇದ್ದಳು. "ಎಷ್ಟ ಮೈ ತುಂಬ್ಯಾನ ನೋಡ" ಎಂದಳು. ಹೌದೆಂದೆ.

ಮರುದಿನವೇ ವಿಜಾಪುರಕ್ಕೆ ಹೋಗಿ ನಿಮಗೆ ಟ್ರಂಕ್ ಕಾಲ್ ಹಚ್ಚಿಸಿದೆನಲ್ಲ. ಮುಂಜಾನೆ ಕೂತವಳಿಗೆ ಲೈನು ಸಿಕ್ಕಿದ್ದು ಸಂಜೆಗೆ. ಅದೂ ನಿಮ್ಮ ದನಿ ಬಾವಿಯೊಳಗಿಂದ ಬಂದಂತೆ. "ವರದಿ ದಿಲ್ಲಿಗೆ ಹೋಗೇತಿ, ಉತ್ತರ ಬಂದಿಲ್ಲ" ಅಂದಿರಿ. ಗುರಣ್ಣ ಅದೇ ಚಂದ್ರಗೌರಿಯಲ್ಲಿದ್ದಾನೆ ಎಂದಾಗ ಹಡಗಿನ ಹೆಸರನ್ನು ಎರಡು ಸಲ ಹೇಳಿಸಿದಿರಿ. ಆಮೇಲೆ ಅಂದಿರಿ: "ಸಾಹೇಬರ ಕಾಲ ಹಿಡದ ಕೇಳೇನಿ. ನಮ್ಮದು ಹೇಳೂ ಕೆಲಸ, ನಿಲ್ಲಸೂ ಕೆಲಸ ಅಲ್ಲ ಅಂತಾರ. ದೇಶದಾಗ ಕಾಳಿಲ್ಲ, ಗೋದಿ ತರೂ ಹಡಗ ಯಾರ ನಿಲ್ಲಸ್ತಾರ?"

ಆ ಮಾತಿಗೆ ನನಗೆ ಸಿಟ್ಟು ಬಂತು, ಈಗಲೂ ಇದೆ. ನಿಮ್ಮ ಮೇಲಲ್ಲ. ನಿಮ್ಮ ಮೇಲೂ ಸ್ವಲ್ಪ ಇದೆ, ಸುಳ್ಳು ಯಾಕೆ ಬರೆಯಲಿ? ಎಂಟು ವರ್ಷ ಹೊಂಡ ಕಟ್ಟಿ, ಮೇಣ ಕೆತ್ತಿ, ಅಲೆ ಎಬ್ಬಿಸಿ, ಹಡಗು ಮುಳುಗುತ್ತದೆ ಎಂದು ಕಂಡುಹಿಡಿದಿರಿ. ಹೊಂಡದ ಸುತ್ತ ನಿಂತ ಎಲ್ಲರಿಗೂ ಅದು ಗೊತ್ತು. ಸಮುದ್ರದ ನಡುವೆ ಒಲೆಯ ಮುಂದೆ ನಿಂತಿರುವ ಹುಡುಗನಿಗೆ ಮಾತ್ರ ಗೊತ್ತಿಲ್ಲ. ಹೀಗಾದರೆ ಗೊತ್ತಿದ್ದು ಏನು ಬಂತು ಎಂದು ಒಬ್ಬಳೇ ಕೂತು ಕೇಳಿಕೊಳ್ಳುತ್ತೇನೆ.

ನಿಮಗೆ ಹೇಳದೆ ನಾನೊಂದು ಕೆಲಸ ಮಾಡಿದೆ. ಆ ಸಂಜೆಯೇ ಅಂಚೆ ಕಚೇರಿಯಲ್ಲಿ ತಾರು ಕೊಡಲು ನಿಂತೆ. ತಾರು ಮಾಸ್ತರ ಅಬ್ದುಲಗನಿ, ನನ್ನ ಜೊತೆ ಕಲಿತ ರಾಜಬಿಯ ಅಣ್ಣ. "ಏನಂತ ಬರೀಲಿರಿ ಅಕ್ಕೋರ?" ಅಂದ. ಮುಂಬಯಿಯ ಹಡಗಿನ ಕಂಪನಿಗೆ ಏನೆಂದು ಬರೆಸುವುದು? ನಿಮ್ಮ ಹಡಗು ಬಾನಿಯಲ್ಲಿ ಮಗುಚಿತು ಎಂದೇ? ಕಡೆಗೆ ನಮ್ಮ ಮಂದಿ ಮಗನನ್ನು ಊರಿಗೆ ಕರೆಸಬೇಕಾದಾಗ ಬರೆಸುವುದನ್ನೇ ಬರೆಸಿದೆ: ತಾಯಿಗೆ ಬಹಳ ಸೀರಿಯಸ್, ಗುರಣ್ಣನನ್ನು ಕೂಡಲೇ ಕಳಿಸಿ. ಎಲ್ಲಾದರೂ ಒಂದು ಬಂದರಿನಲ್ಲಿ ಇಳಿಸಿಬಿಟ್ಟರೆ ಸಾಕೆಂದು. ಅಬ್ದುಲಗನಿ ಓದಿ, ತಲೆ ತಗ್ಗಿಸಿ, "ಅಲ್ಲಾ ನಿಮ್ಮವ್ವಗ ಆರಾಮ ಮಾಡ್ಲಿ" ಅಂದ. ಅವ್ವ ಅದೇ ಹೊತ್ತಿಗೆ ಇಲ್ಲಿ ಎಮ್ಮೆ ಹಿಂಡುತ್ತಿದ್ದಳು.

ಹಡಗು ಅಮೇರಿಕಾದಲ್ಲಿ ಗೋದಿ ತುಂಬಿಕೊಂಡು ಆಗಲೇ ಹೊರಟಿತ್ತು. ಕಂಪನಿಯವರು ಒಳ್ಳೆಯವರು. ನನ್ನ ಸುಳ್ಳನ್ನು ವೈರಲೆಸ್ಸಿನಲ್ಲಿ ಹಡಗಿಗೇ ಮುಟ್ಟಿಸಿದರು. ಗುರಣ್ಣನ ಉತ್ತರವನ್ನೂ ತರಿಸಿ ಕಳಿಸಿದರು. ಅವ್ವನ ಬಾಯಿಗೆ ನನ್ನ ಹೆಸರಿನಲ್ಲಿ ನೀರು ಬಿಡು, ನಾನು ಬರುವತನಕ ಹಿಡಿದುಕೊಂಡಿರು, ಎಂದಿದ್ದ. ಅದು ಸುಳ್ಳು ಎಂದು ತಿರುಗಿ ತಿಳಿಸಲು ಎರಡು ಸಲ ತಾರು ಕೊಟ್ಟೆ. ಆ ಎರಡಕ್ಕೂ ಹಡಗಿನಿಂದ ಉತ್ತರವಿಲ್ಲ. ಅವನು ಅಳುತ್ತ ಅಡುಗೆ ಮಾಡುತ್ತಿರಬಹುದು. ನಾನು ಮಾಡಿದ ಸಹಾಯ ಇಷ್ಟು.

ನೀವು ಹೇಳಿದ ಲೆಕ್ಕದ ಪ್ರಕಾರ ಹಡಗು ಪಂಚಮಿಗೆ ಮೊದಲೇ ಮುಂಬಯಿ ಮುಟ್ಟಬೇಕಿತ್ತು. ಮಳೆಗಾಲದ ಸಮುದ್ರ, ತಡ ಆಗುತ್ತದೆ ಎಂದು ನಿಮ್ಮ ಈಚಿನ ಕಾಗದದಲ್ಲಿದೆ. ಅದನ್ನೇ ಮತ್ತೆ ಮತ್ತೆ ಓದುತ್ತೇನೆ. ಅದೇ ಕಾಗದದ ಕೊನೆಗೆ, ಮೂವತ್ತೊಂದನೆಯದರ ಕೆಲಸ ಮುಗಿಯಿತು, ಬರುವ ವಾರ ಮೇಣ ಕರಗಿಸಿ ಹೊಸದಕ್ಕೆ ಅಚ್ಚು ಹಾಕುತ್ತೇವೆ ಎಂದು ಬರೆದಿದ್ದೀರಿ.

ಅದನ್ನು ಕರಗಿಸಬೇಡಿ. ನಾನು ಸಾಲಿಯ ಅಕ್ಕೋರು, ಇಂಥ ಮಾತು ಆಡಬಾರದು, ಗೊತ್ತು. ಮೇಣಕ್ಕೂ ಕಬ್ಬಿಣಕ್ಕೂ ಸಂಬಂಧವಿಲ್ಲ, ಅದೂ ಗೊತ್ತು. ಆದರೆ ನನ್ನಿಂದ ಬೇರೇನೂ ಆಗುತ್ತಿಲ್ಲ, ನಿಮ್ಮಿಂದಲೂ ಆಗುತ್ತಿಲ್ಲ. ನಿಮ್ಮ ಕೈಯಲ್ಲಿ ಇರುವುದು ಇದೊಂದೇ. ಸಾಹೇಬರಿಗೆ ಏನಾದರೂ ನೆಪ ಹೇಳಿ. ಒಳಗಿನ ಕಾಳು ತೆಗೆದು, ಮೈ ಒರೆಸಿ, ನೆಟ್ಟಗೆ ಒಂದು ಮೂಲೆಯಲ್ಲಿ ಇಡಿ. ಗುರಣ್ಣ ಬಸ್ಸಿನಿಂದ ಇಳಿದ ದಿನ ನಾನೇ ತಾರು ಕೊಡುತ್ತೇನೆ, ಆಮೇಲೆ ಬೇಕಾದ್ದು ಮಾಡಿಕೊಳ್ಳಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ರಾಚವ್ವ

ತಾ.ಕ.: ಕಾಗದ ಅಂಟಿಸುವ ಮೊದಲು ಇಷ್ಟು. ಇವತ್ತು ಇಲ್ಲಿಯ ರೇಷನ್ ಅಂಗಡಿಗೆ ಅಮೇರಿಕಾದ ಗೋದಿ ಬಂತು. ಅವ್ವ ಮೊರದಲ್ಲಿ ಹಾಕಿಕೊಂಡು ಹರಳು ಆರಿಸುತ್ತಿದ್ದವಳು ಒಂದು ಹಿಡಿ ಎತ್ತಿ ಕೇಳಿದಳು: "ಇದು ನಮ್ಮ ಗುರಣ್ಣ ತಂದ ಗೋದಿ ಏನ ಬೇ?" ಅವಳ ಮುಖ ನೋಡಿ ಹೌದು ಅಂದುಬಿಟ್ಟೆ. "ಹಂಗಾರ ಮುಟ್ಯಾನ ತಗೋ" ಅಂದಳು. ನೆಲುವಿನಿಂದ ಉಂಡಿಯ ಬುಟ್ಟಿ ಇಳಿಸಿದ್ದಾಳೆ. ನಾಳೆ ಮುಂಜಾನೆ ವಿಜಾಪುರದ ಬಸ್ಸು ಬರುವ ಹೊತ್ತಿಗೆ ಹೋಗಿ ನಿಲ್ಲುತ್ತಾಳಂತೆ, ನನ್ನನ್ನೂ ಕರೆದಿದ್ದಾಳೆ.