ದೊಡ್ಡ ಪೆಟ್ಟಿಗೆ, ಸಣ್ಣ ಪೆಟ್ಟಿಗೆ

ಗದಗ, ೨೧೪೮ನೆಯ ಇಸವಿ
ಎರಡನೆಯ ಬೇಸಿಗೆಯ ಹದಿನೇಳನೆಯ ದಿನ

ಮುತ್ತಜ್ಜಿಯ ಅಜ್ಜಿಗೆ ದಾಕ್ಷಾಯಣಿಯ ನಮಸ್ಕಾರಗಳು.

ತಾರೀಖು ಕಂಡು ಗಾಬರಿಯಾಗಬೇಡಿ. ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ಕರೆಂಟ್ ಹೋದಾಗ ಇರಲೆಂದು ನೀವು ಮನೆಗೊಂದು ಪವರ್ ಸ್ಟೇಷನ್ ಎಂಬ ದೊಡ್ಡ ಬ್ಯಾಟರಿ ಆರಿಸುತ್ತಿದ್ದದ್ದನ್ನು ನಿಮ್ಮ ಡೈರಿಯಲ್ಲಿ ಓದಿದೆ. ಯಾವುದು ಎಷ್ಟು ತಾಸು ಬರುತ್ತದೆ, ಎಷ್ಟು ಭಾರ ಎಂದೆಲ್ಲ ಬರೆದಿಟ್ಟಿದ್ದೀರಿ.

ನಾವು ಅದಕ್ಕೆ ಬರೀ ಪೆಟ್ಟಿಗೆ ಎನ್ನುತ್ತೇವೆ. ತಂತಿಯಲ್ಲಿ ಕರೆಂಟ್ ಬಂದದ್ದನ್ನು ನಾನು ಕಂಡಿಲ್ಲ. ಊರಿಗೆಲ್ಲ ಸಾಮಾನು ಕೊಡುವ ಕಚೇರಿಗೆ ಹಂಚುಕಟ್ಟೆ ಎಂದು ಹೆಸರು. ಅಲ್ಲಿ ಹತ್ತು ವರ್ಷಕ್ಕೊಮ್ಮೆ ಮನೆಗೊಂದು ಪೆಟ್ಟಿಗೆ ಸಿಗುತ್ತದೆ. ಅದನ್ನು ಮಾಳಿಗೆಯ ಮೇಲಿನ ಸೋಲಾರ್ ಫಲಕದಿಂದ ತುಂಬಿಸಿಕೊಳ್ಳಬೇಕು. ಒಲೆ, ಫ್ಯಾನು, ನೀರು ಸೋಸುವ ಯಂತ್ರ ಎಲ್ಲ ಅದರ ಮೇಲೆಯೇ. ನಮ್ಮ ಮನೆಯಲ್ಲಿ ಅಕ್ಕ ಚನ್ನವ್ವನ ಉಸಿರುಯಂತ್ರವೂ ಇತ್ತು. ದಿನಗಟ್ಟಲೆ ಕೆಂಪು ಧೂಳು ಹೊತ್ತು ಬೀಸುವ ಕೆಂಗಾಳಿಯಿಂದ ಅವಳ ಶ್ವಾಸಕೋಶ ಹಾಳಾಗಿತ್ತು. ಗಾಳಿ ಎದ್ದರೆ ಯಂತ್ರವಿಲ್ಲದೆ ಅವಳಿಗೆ ಆಗುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ನಮ್ಮ ಸರದಿ ಬಂತು. ಎರಡು ಬಗೆಯಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ದೊಡ್ಡ ಪೆಟ್ಟಿಗೆ ಆ ಯಂತ್ರವನ್ನು ಮೂರು ದಿನ ನಡೆಸುತ್ತಿತ್ತು, ಆದರೆ ಚುರುಕು ಬಿಸಿಲಿಲ್ಲದೆ ತುಂಬುತ್ತಿರಲಿಲ್ಲ. ಸಣ್ಣದು ಎಂಟು ತಾಸಿನದು. ಮಂದ ಬೆಳಕಿಗೂ ಅಷ್ಟಿಷ್ಟು ತುಂಬುತ್ತಿತ್ತು.

"ಸಣ್ಣದ ಸಾಕ, ದಾಕ್ಷಿ," ಎಂದಳು ಅಕ್ಕ.

"ಎಂಟ ತಾಸಿನ್ಯಾಗ ಏನಾಗತೈತಿ? ನೀ ಸುಮ್ನಿರು," ಎಂದು ನಾನು ದೊಡ್ಡದನ್ನೇ ತಂದೆ. ಅಲ್ಲಿಯವರೆಗೆ ಯಾವ ಕೆಂಗಾಳಿಯೂ ಎರಡು ದಿನ ದಾಟಿರಲಿಲ್ಲ.

ಆ ಬೇಸಿಗೆಯಲ್ಲೇ ಎದ್ದ ಗಾಳಿ ಏಳು ದಿನ ಬೀಸಿತು. ಧೂಳಿಗೆ ಬಿಸಿಲೇ ಕಾಣದೆ, ಮೂರನೆಯ ದಿನ ಮಧ್ಯಾಹ್ನ ಪೆಟ್ಟಿಗೆ ನಿಂತಿತು. ಎದುರುಮನೆಯ ಜೈತುನಬಿ ತನ್ನ ಸಣ್ಣ ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿ, ಆ ಧೂಳಿನಲ್ಲೇ ಎತ್ತಿಕೊಂಡು ಬಂದಳು. ಅವಳ ಗಂಡನ ಸಕ್ಕರೆ ಕಾಯಿಲೆಯ ಔಷಧ ಅದರಿಂದಲೇ ತಣ್ಣಗಿರುತ್ತಿತ್ತು.

"ಔಷಧ ಕೆಟ್ರ ಏನ ಮಾಡ್ತಿ?" ಎಂದೆ.

"ಮೊದ್ಲ ಉಸಿರ ನಡೀಲಿ. ಹಚ್ಚ ನೀ."

ಹೀಗೆ ಎರಡು ದಿನ ಅವಳು ಮನೆಯಲ್ಲಿ ಸಿಕ್ಕಷ್ಟು ತುಂಬಿಸಿಕೊಂಡು ಬಂದು ಕೊಟ್ಟಳು. ಐದನೆಯ ದಿನ ಅಕ್ಕ ತಾನೇ ಮೂಗಿನ ನಳಿಕೆ ತೆಗೆದಳು. "ಒಯ್ಯಿ ಜೈತುನಾ, ನಿನ್ನ ಮನಿಯಾಗ ಬೇಕ ಅದು." ನಾನು ಮತ್ತೆ ಹಾಕಲು ಹೋದರೆ ನನ್ನ ಕೈ ಹಿಡಿದುಕೊಂಡಳು. ಅಷ್ಟು ಬಲ ಅವಳಲ್ಲಿ ಹೇಗೆ ಉಳಿದಿತ್ತೋ. ಸಂಜೆಗೆ ಹೋಗಿಬಿಟ್ಟಳು. ಔಷಧ ಅಷ್ಟರಲ್ಲಾಗಲೇ ಕೆಟ್ಟಿತ್ತು. ತಿಂಗಳೊಳಗೆ ಜೈತುನಬಿಯ ಗಂಡನೂ ಹೋದ. ಅವಳು ಒಂದು ದಿನವೂ ನನ್ನನ್ನು ದೂರಲಿಲ್ಲ. ಈಗ ಇಬ್ಬರೂ ಒಂದೇ ಒಲೆಯಲ್ಲಿ ಅಡುಗೆ ಮಾಡಿಕೊಳ್ಳುತ್ತೇವೆ.

ಸಣ್ಣದನ್ನು ತಂದಿದ್ದರೆ ಅಕ್ಕ ಉಳಿಯುತ್ತಿದ್ದಳೇ? ಈ ಗಾಳಿಗೆ ಉಳಿದರೂ ಮುಂದಿನದಕ್ಕೆ ಹೋಗುತ್ತಿದ್ದಳೇನೋ. ಹಿಂದೆ ಒಂದೇ ತಂತಿ ಬೀದಿಯನ್ನೆಲ್ಲ ಕೂಡಿಸುತ್ತಿತ್ತಂತೆ. ಪೆಟ್ಟಿಗೆ ಕೊಳ್ಳಲು ಶಕ್ತಿಯಿದ್ದವರು ಕೊಂಡು ಬಾಗಿಲು ಹಾಕಿಕೊಂಡರಂತೆ. ಕಂಬಗಳು ಒಂದೊಂದಾಗಿ ಬಿದ್ದಾಗ ಕೇಳುವವರೇ ಇರಲಿಲ್ಲವಂತೆ. ನೀವು ಪೆಟ್ಟಿಗೆ ಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ನಿಮ್ಮ ಬೀದಿಯ ಕಂಬ ಬಿದ್ದರೆ, ಮನೆಯಲ್ಲಿ ದೀಪ ಉರಿಯುತ್ತಿದ್ದರೂ ಹೊರಗೆ ಬಂದು ಜಗಳವಾಡಿ.

ನೀವು ಬರಲಿಲ್ಲವೆಂದು ನನಗೆ ಗೊತ್ತು. ಆದರೂ ಹೇಳದೆ ಇರಲಾಗಲಿಲ್ಲ.

ನಿಮ್ಮ ಕುಡಿ,
ದಾಕ್ಷಾಯಣಿ