ಅಮ್ಮನ ಹೆಬ್ಬೆಟ್ಟು

ಪೀಣ್ಯ ಎರಡನೇ ಹಂತ
13 ಫೆಬ್ರವರಿ 2025, ಗುರುವಾರ, ಮಧ್ಯಾಹ್ನ ಎರಡೂ ಮುಕ್ಕಾಲು

ಪ್ರೀತಿಯ ಅಮ್ಮಾ,

ಕೆಳಗಿನ ಶೆಡ್ಡಿನಲ್ಲಿ ಪ್ರೆಸ್ ಮಷೀನು ದಡ್ ದಡ್ ಎಂದು ಶುರುವಾಗಿ ಈಗಷ್ಟೇ ನನ್ನನ್ನು ಎಬ್ಬಿಸಿತು. ಕಣ್ಣು ಹತ್ತಿ ಹತ್ತು ನಿಮಿಷವೂ ಆಗಿರಲಿಲ್ಲ. ಲಿಖಿತನಿಗೆ ಹಲ್ಲು ಬರುತ್ತಿದೆ, ರಾತ್ರಿಯೆಲ್ಲ ಮೈ ಬಿಸಿ. ಗಳಿಗೆಗೊಮ್ಮೆ ಅವನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದೆ. ಈಗ ಇಳಿದಿದೆ, ಗಾಬರಿಯಾಗಬೇಡ. ನಿನ್ನ ಮಂಡಿ ಹೇಗಿದೆ? ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗಬೇಡ. ಮೂರು ಮಹಡಿ ಹತ್ತಿ ಬಟ್ಟೆ ಒಣಗಹಾಕುವ ಕೆಲಸವನ್ನು ಅತ್ತೆಯ ಮಕ್ಕಳಿಗೆ ಹೇಳು, ಅವರಿಗೂ ಕಾಲಿವೆ.

ಫೋನಿರುವಾಗ ಕಾಗದ ಯಾಕೆ ಎನ್ನುತ್ತೀಯ. ಅಪ್ಪ ಹೋದ ಮೇಲೆ ನೀನು ವೆಂಕಟೇಶಪ್ಪ ಮಾವನ ಮನೆ ಸೇರಿದಾಗಿನಿಂದ ನಿನ್ನ ಫೋನು ಅವರ ಹಾಲ್‌ನಲ್ಲಿ ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತದೆ. ಪಕ್ಕದ ರೂಮಿನ ಬಸಕ್ಕ ಗಾರೆ ಕೆಲಸಕ್ಕೆಂದು ಈ ಸಂಜೆ ಮಹದೇವಪುರಕ್ಕೆ, ನಿಮ್ಮ ಬೀದಿಯಲ್ಲೇ ಇರುವ ಅವಳ ತಂಗಿಯ ರೂಮಿಗೆ ಹೊರಟಿದ್ದಾಳೆ. "ನಿಮ್ಮವ್ವಾರ ಕೈಯಾಗ ಕೊಡ್ತೀನ್ರಿ ಅಕ್ಕಾ, ಮತ್ಯಾರಿಗೂ ಕೊಡಂಗಿಲ್ಲ" ಎಂದಿದ್ದಾಳೆ. ಓದಿದ ಮೇಲೆ ಒಲೆಗೆ ಹಾಕಬೇಡ, ಇಟ್ಟುಕೋ.

ಸುದ್ದಿ ಏನೆಂದರೆ, ಹನ್ನೊಂದು ಕಥೆ ವಾಪಸಾದ ಮೇಲೆ ನನ್ನ ಹನ್ನೆರಡನೆಯದನ್ನು ಒಂದು ಮಾಸಪತ್ರಿಕೆ ಒಪ್ಪಿಕೊಂಡಿದೆ. ಖುಷಿಪಡುವಷ್ಟರಲ್ಲಿ ರಾದ್ಧಾಂತವಾಯಿತು. ನಾನು ಬರೆಯುವುದು ನಿನ್ನ ಅಳಿಯ ನಂದೀಶ್ ಫ್ಯಾಕ್ಟರಿಯಿಂದ ತರುವ ಹಳೇ ಜಾಬ್ ಕಾರ್ಡುಗಳ ಬೆನ್ನ ಮೇಲೆ, ನಿನಗೆ ಗೊತ್ತಲ್ಲ. ಮಷೀನಿಗೆ ಹಾಕುವ ಬಿಡಿಭಾಗ ಯಾವ ಬುಶ್, ಎಷ್ಟು ಪೀಸು ಎಂದು ಬರೆದು ಕ್ರೇಟಿಗೆ ಕಟ್ಟುವ ದಪ್ಪ ರಟ್ಟು ಅದು. ಮಾಲಿನ ಜೊತೆಗೇ ಒಂದು ಯೂನಿಟ್ಟಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಹಳೆಯವುಗಳ ನಡುವೆ ಈ ಪುಣ್ಯಾತ್ಮ ಅರ್ಧಕ್ಕೆ ನಿಂತಿದ್ದ ಕೆಲಸದ ಒಂದನ್ನೂ ತಂದಿದ್ದರು. ಅದರ ಬೆನ್ನ ಮೇಲೆ ಕಥೆಯ ಕೊನೇ ಪುಟ ಬರೆದೆ, ಆಮೇಲೆ ಹಾಳೆಗೆ ನಕಲು ಮಾಡಿ ಪತ್ರಿಕೆಗೆ ಕಳಿಸಿದೆ. ಆ ಕೆಲಸ ಮತ್ತೆ ಶುರುವಾಯಿತೆಂದು ಸೋಮವಾರ ಬೆಳಗ್ಗೆ ಓಡಿ ಬಂದು, ತಿರುಗಿಸಿಯೂ ನೋಡದೆ ಕಿತ್ತುಕೊಂಡು ಹೋಗಿ ಕ್ರೇಟಿಗೆ ಕಟ್ಟಿ, ಲೋಹಕ್ಕೆ ಲೇಪ ಕೊಡುವ ಪ್ಲೇಟಿಂಗ್ ಯೂನಿಟ್ಟಿಗೆ ಕಳಿಸಿದರು. ಪ್ಲೇಟಿಂಗಿನಲ್ಲಿ ಮಾಲು ಇಳಿಸಿಕೊಳ್ಳುವವನು ಯಾರು? ನಮ್ಮ ರುದ್ರೇಶಣ್ಣ, ನಿನ್ನ ಮಗರಾಯ!

ಊಟದ ಬಿಡುವಿನಲ್ಲೇ ಗಾಡಿ ಹತ್ತಿ ಬಂದ. "ಏನೇ, ಮನೆ ಮರ್ಯಾದೆನ ಬುಶ್ ಜೊತೆ ಪ್ಲೇಟಿಂಗ್‌ಗೆ ಕಳ್ಸಿದ್ದೀಯ! ಬರೆಯೋಕೆ ಬೇರೆ ಯಾರ್ ಅಮ್ಮನೂ ಸಿಗ್ಲಿಲ್ವಾ ನಿಂಗೆ?" ಎಂದು ರಟ್ಟನ್ನು ನನ್ನ ಮುಖಕ್ಕೆ ಹಿಡಿದ. ಮಗು ಬೆಚ್ಚಿ ಅತ್ತಿತು.

ಹೌದಮ್ಮಾ, ಅದು ನಿನ್ನ ಕಥೆ. ನಿನ್ನ ತವರಿನ ಜಮೀನು ಲೇಔಟ್ ಆಗುವಾಗ ಮಾವ ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡರಲ್ಲ, ಆ ದಿನದ್ದು. ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾವ "ನಮ್ ತಂಗಿ ಏಳನೇ ಕ್ಲಾಸು ಸಾರ್, ಸೈನ್ ಹಾಕ್ತಾಳೆ" ಎಂದು ಪೆನ್ನು ಚಾಚಿದರೆ, ನೀನು "ನಂಗೆ ಬರಾಕಿಲ್ಲ ಸಾ" ಎಂದು ಹೆಬ್ಬೆಟ್ಟು ಮುಂದೆ ಮಾಡಿದೆ. ಆಫೀಸು ನೋಡಿ ತಂಗಿ ವನಜಾ ಹೆದರಿಬಿಟ್ಟಳು ಎಂದು ಅವರು ಇವತ್ತಿಗೂ ಹಬ್ಬದೂಟದಲ್ಲಿ ಹೇಳಿಕೊಂಡು ನಗುತ್ತಾರೆ. ಆ ರಾತ್ರಿ ನನಗೆ ಜಡೆ ಹಾಕುತ್ತಾ ನೀನು ಹೇಳಿದ್ದು ಅವರಿಗೆ ಗೊತ್ತಿಲ್ಲ: "ಕಿತ್ಕೊಳೋರು ಕಿತ್ಕೊಳ್ಲಿ. ನನ್ನೆಸ್ರ ನನ್ ಕೈಯಾರೆ ಬರ್ದು ಕೊಡಾಕಿಲ್ಲ."

ಕೊನೇ ಪುಟದಲ್ಲಿರುವುದು ಅಷ್ಟೇ. ಅದು ಅಚ್ಚಾದರೆ ನಿನಗೆ ಆ ಮನೆಯಲ್ಲಿ ಅನ್ನದ ತಟ್ಟೆ ಸಿಗುವುದಿಲ್ಲ ಎನ್ನುತ್ತಾನೆ ಅಣ್ಣ. ಇವರೂ "ಊರಾದ್ರೂ ತುಮಕೂರು ಅಂತ ಮಾಡೇ, ಅಮ್ಮನ್ನ ಚಿಕ್ಕಮ್ಮ ಮಾಡು" ಎಂದು ಉಪಾಯ ಹೇಳಿದರು. ಮಾಡುವುದಿಲ್ಲ ಎಂದೆ. ಮಗುವಿಗೆ ಹಾಲು ಕುಡಿಸುತ್ತಾ ಒಂದೇ ಕೈಯಲ್ಲಿ ಬರೆದದ್ದು. ಹಿಟ್ಟು ಕಲಸುವಾಗ ಸಾಲು ಹೊಳೆದರೆ ಮರೆತುಹೋಗದಿರಲೆಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಓಡಿ ಬಂದು ಬರೆದದ್ದು. ಮನೆಯಲ್ಲಿ ಸುಮ್ಮನೆ ಕೂತವಳಿಗೆ ಇದೊಂದು ಹುಚ್ಚು ಎನ್ನುವವರು ಎನ್ನಲಿ. ಹನ್ನೆರಡು ವರ್ಷ ನಿನ್ನನ್ನು ಹೆದರುಪುಕ್ಕಲಿ ಎಂದು ನಕ್ಕರಲ್ಲ, ಒಂದು ಸಲ ಅವರು ಕೂತು ಓದಲಿ. ತಟ್ಟೆ ಕಿತ್ತುಕೊಂಡರೆ ಇಲ್ಲಿ ತಟ್ಟೆಯಿದೆ. ತೊಟ್ಟಿಲನ್ನು ಅಡುಗೆಮನೆ ಬಾಗಿಲಿಗೆ ಸರಿಸಿದರೆ ಒಂದು ಚಾಪೆ ಅಗಲ ಜಾಗ ಸಿಗುತ್ತದೆ, ಅಳೆದು ನೋಡಿದ್ದೇನೆ. ಪ್ರೆಸ್ಸಿನ ಸದ್ದು ಎರಡು ದಿನದಲ್ಲಿ ರೂಢಿಯಾಗುತ್ತದೆ. ನನ್ನ ಹೆಸರು ಹಾಕಿಯೇ ಅಚ್ಚು ಮಾಡಿಸುತ್ತೇನೆ, ಯಾರು ಬಂದು ತಡೆಯುತ್ತಾರೋ ತಡೆಯಲಿ.

ಬಸಕ್ಕ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಾಳೆ. ಲಿಖಿತ ನಿನ್ನ ಹಳೇ ಸೀರೆಯ ದುಪ್ಪಟಿ ಬಿಟ್ಟು ಮಲಗುವುದಿಲ್ಲ. ನಿನ್ನ ಕಾಲಿಗೆ ನಮ್ಮ ಮೂವರ ನಮಸ್ಕಾರ.

ನಿನ್ನ,
ದೀಪಶ್ರೀ

ಮರೆತೆ: ಮೇಲೆ ಜಂಬ ಕೊಚ್ಚಿದ್ದೆಲ್ಲ ಅಣ್ಣನಿಗೆ, ಮಾವನಿಗೆ ಹೇಳಿದ್ದು, ನಿನಗಲ್ಲ. ನಾಳೆ ಬೆಳಗ್ಗೆ ಪತ್ರಿಕೆ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ನಾನು ತಡೆಯದಿದ್ದರೆ ಅಣ್ಣ ಮಾವನಿಗೆ ಹೇಳುವುದೂ ನಾಳೆಯೇ. ಮಾವ ನಿನ್ನನ್ನು ಕೇಳದೆ ಆ ಹಕ್ಕಿನ ಪತ್ರ ಬರೆಸಿದರು. ನಾನೂ ನಿನ್ನನ್ನು ಕೇಳದೆಯೇ ಬರೆದೆ. ಸೋಮವಾರದಿಂದ ನಿದ್ದೆ ಬಾರದಿರುವುದು ಬರೀ ಮಗುವಿನ ಜ್ವರಕ್ಕಲ್ಲಮ್ಮಾ. ನೀನು ಬೇಡವೆಂದರೆ ವಾಪಸ್ ತೆಗೆದುಕೊಳ್ಳುತ್ತೇನೆ, ಯಾಕೆಂದು ಕೇಳುವುದಿಲ್ಲ. ಹೂಂ ಅಂತಲೋ ಬೇಡ ಅಂತಲೋ, ನಿನ್ನ ಬಾಯಿಂದಲೇ ಕೇಳಬೇಕು. ಬಸಕ್ಕನ ಫೋನಿನಿಂದ ಮಾಡು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ. ಬೆಳಗಾಗುವುದರೊಳಗೆ ಮಾಡಮ್ಮಾ, ದಮ್ಮಯ್ಯ.