ತೊಟ್ಟಿಲ ಮೇಲಿನ ತಗಡು

ಬ್ಯಾಡಗಿ
೨೫ ಏಪ್ರಿಲ್ ೧೯೯೩, ಭಾನುವಾರ

ಪ್ರೀತಿಯ ಹೊಳಿಯವ್ವ,

ಮೇಡ್ಲೇರಿಯಲ್ಲಿ ಹೊಳೆಯ ಗಾಳಿ ಇರುತ್ತದೆ. ಕೂಸಿನ ಬೆನ್ನಿನ ಬೆವರುಗುಳ್ಳೆ ಬಾಡಿರಬೇಕು. ಇಲ್ಲಿ ನಾನೂ ನಿನ್ನ ತುಳಸಿಗಿಡವೂ ಹೇಗೋ ಇದ್ದೇವೆ.

ನಿನ್ನ ಕಾರ್ಡು ತಲುಪಿತು. ಮಳೆ ಬೀಳುವ ತನಕ ಆ ತಗಡಿನ ಮನೆಗೆ ಕೂಸನ್ನು ಕರೆತರುವುದಿಲ್ಲ ಎಂದು ಬರೆದಿದ್ದೀ. ಬೇರೆ ಮನೆ ಹಿಡಿಯುವಷ್ಟು ನನ್ನ ಸಂಬಳವಿಲ್ಲ. ಆದ್ದರಿಂದ ತಗಡಿಗೇ ಏನಾದರೂ ಮಾಡಬೇಕಾಯಿತು.

ದಾರಿ ತೋರಿಸಿದವನು ಗೆಳೆಯ ಮಹಮ್ಮದ್ ಹನೀಫ್. ರಾಣೆಬೆನ್ನೂರಿನಲ್ಲಿ ಅವನು ಕೆಲಸ ಮಾಡುವ ಬೀಜದ ಗೋದಾಮಿಗೂ ತಗಡಿನ ಚಾವಣಿಯೇ. ಆದರೂ ಒಳಗೆ ತಂಪು. ತಗಡಿನ ಕೆಳಗೆ ಬಿದಿರಿನ ತಟ್ಟಿ ಕಟ್ಟಿ, ಅದರ ಮೇಲೆ ಭತ್ತದ ಹೊಟ್ಟು ತುಂಬಿದ ಚೀಲ ಹಾಸಿದ್ದಾರೆ. ನಾನು ಫ್ಯಾನಿನ ಖರ್ಚಿನ ಮಾತೆತ್ತಿದಾಗ ಅವನು, "ಕಾದ ತಗಡಿನ ಕೆಳಗ ಫ್ಯಾನ್ ಹಾಕಿದ್ರ ಬಿಸಿ ಗಾಳೀನ ತಿರಗತೈತಿ. ಬೀಜಕ್ಕ ಮಾಡೂದನ್ನ ಮಗಳಿಗೆ ಮಾಡಾಕ ನಿನಗೇನ ಆಗೈತೋ?" ಎಂದು ಬೈದ.

ಚೀಲಕ್ಕೆ ನಾನು ದೂರ ಹೋಗಲಿಲ್ಲ. ಲೆಕ್ಕ ಬರೆಯುವ ಮೆಣಸಿನಕಾಯಿ ಅಂಗಡಿಯಲ್ಲೇ ಹಳೆಯ ಗೋಣಿಚೀಲ ಕೇಳಿ ತಂದು, ಚೆನ್ನಾಗಿ ಕೊಡವಿ, ಹೊಟ್ಟು ತುಂಬಿ, ತಗಡಿನ ಕೆಳಗೆ ಕಟ್ಟಿದ ತಟ್ಟಿಯ ಮೇಲೇರಿಸಿದೆ. ತೊಳೆಯಲಿಲ್ಲ. ಮಧ್ಯಾಹ್ನ ತಗಡು ಕಾದದ್ದೇ ತಡ, ತಟ್ಟಿಯ ಸಂದಿಯಿಂದ ಘಾಟು ಇಳಿಯಿತು. ಕಣ್ಣು ಉರಿದು ಹೊರಗೆ ಓಡಿದೆ. ಪಕ್ಕದ ಮನೆಯ ಕರೆವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು, "ಉಡಚಪ್ಪಣ್ಣ, ಹೇಣ್ತಿ ಇಲ್ದಾಗ ಅದೇನ ಒಗ್ಗರಣಿ ಹಾಕಾಕತ್ತೀರಿ? ಓಣಿಗೆ ಓಣೀನ ಸೀನಾಕತ್ತೈತಿ!" ಎಂದಳು. ನೀನು ಇದ್ದಿದ್ದರೆ ಮೊದಲೇ ಹೇಳುತ್ತಿದ್ದೆ. ಕೂಸು ಇರಲಿಲ್ಲವಲ್ಲ ಎಂದು ಆಗ ಸಮಾಧಾನವಾಯಿತು. ಹಾಗೆ ಸಮಾಧಾನಪಟ್ಟದ್ದಕ್ಕೆ ಆಮೇಲೆ ಬೇಸರವಾಯಿತು.

ಎಲ್ಲವನ್ನೂ ಇಳಿಸಿ, ಆ ಹೊಟ್ಟು ಚೆಲ್ಲಿದೆ. ಚೀಲಗಳನ್ನು ಮೂರು ಸಲ ತೊಳೆದು ಎರಡು ದಿನ ಒಣಗಿಸಿದೆ. ಹೊಸ ಹೊಟ್ಟಿನಲ್ಲಿ ಹುಳು ಬೀಳದಂತೆ ಬೇವಿನೆಲೆ ಬೆರೆಸಿ ಮತ್ತೆ ಹಾಸಿದ್ದೇನೆ. ಒಲೆಯ ಮೇಲಿನ ಭಾಗವನ್ನು ಮಾತ್ರ ಬಿಟ್ಟಿದ್ದೇನೆ. ಹೊಟ್ಟಿಗೆ ಕಿಡಿ ತಾಗಬಾರದು. ತಗಡಿನ ಮೇಲೆ ಎರಡು ಕೈ ಸುಣ್ಣ ಬಳಿದೆ.

ಹನೀಫ್ ಗೋದಾಮಿನ ಥರ್ಮಾಮೀಟರ್ ಕೊಟ್ಟಿದ್ದ. ಅದನ್ನು ತೊಟ್ಟಿಲ ಹಗ್ಗಕ್ಕೆ, ಕೂಸು ಮಲಗುವಷ್ಟು ಎತ್ತರಕ್ಕೇ ಕಟ್ಟಿದೆ. ಕೆಲಸಕ್ಕೆ ಮೊದಲು ಮಧ್ಯಾಹ್ನ ಎರಡಕ್ಕೆ ನಲವತ್ತೊಂದು ಇತ್ತು. ಇಂದು ಅದೇ ಹೊತ್ತಿಗೆ, ಅಂಥದೇ ಬಿಸಿಲಲ್ಲಿ, ಮೂವತ್ತಾರು. ಕರೆವ್ವ ತಾಸು ಹೊತ್ತು ತೊಟ್ಟಿಲ ಪಕ್ಕ ಕುಳಿತು ಬತ್ತಿ ಹೊಸೆದಳು. ಒಮ್ಮೆಯೂ ಸೀನಲಿಲ್ಲ, ಫ್ಯಾನನ್ನೂ ಕೇಳಲಿಲ್ಲ. ಕರೆಂಟಿನ ಮೀಟರ್ ಕಡಿಮೆ ಓಡಿದೆ. ಆದರೆ ನೀವಿಬ್ಬರೂ ಇಲ್ಲದ ಮನೆಯ ಮೀಟರನ್ನು ಲೆಕ್ಕಕ್ಕೆ ಹಿಡಿಯಬಾರದು.

ಬರುವ ಭಾನುವಾರ ನಾನು ಮೇಡ್ಲೇರಿಗೆ ಬರಲೇ? ನೀನು ಹ್ಞೂಂ ಎಂದರೆ ಮಾತ್ರ. ಕೂಸಿನ ಅಂಗಾಲಿಗೆ ನನ್ನ ಮುತ್ತು.

ನಿನ್ನ
ಉಡಚಪ್ಪ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ನೀನು ಹೊರಟುಹೋಗುವ ಹಿಂದಿನ ದಿನ ಮಧ್ಯಾಹ್ನ ಕರೆಂಟು ಹೋಯಿತೆಂದು ನಾನು ಹೇಳಿದ್ದು ಸುಳ್ಳು. ಕೂಸು ಮಲಗಿದ ಮೇಲೆ ಬಿಲ್ಲಿಗೆ ಅಂಜಿ ನಾನೇ ಫ್ಯಾನ್ ಆರಿಸಿದ್ದೆ. ಇವತ್ತು ಅದೇ ಹೊತ್ತಿಗೆ ತೊಟ್ಟಿಲ ಬಳಿ ಕುಳಿತಾಗ ಕರೆವ್ವನ ಮನೆಯ ಮಿಕ್ಸರಿನ ಸದ್ದು ಕೇಳಿಸಿತು. ಕರೆಂಟಿಲ್ಲ ಎಂದು ನಾನು ಹೇಳಿದ ಆವತ್ತೂ ಅದು ತಿರುಗುತ್ತಿತ್ತು. ಆ ಸದ್ದು ನಿನಗೂ ಕೇಳಿಸಿತ್ತು, ಕೂಸನ್ನೆತ್ತಿಕೊಂಡು ಬೇವಿನ ನೆರಳಿಗೆ ಹೋದೆ. ತಗಡು ತಂಪಾಗಿದೆ ಎಂದಷ್ಟೇ ತಿಳಿದು ನೀನು ಬರಬಾರದು. ಫ್ಯಾನು ಅಲ್ಲೇ ಇದೆ. ಅದರ ಗುಂಡಿಯನ್ನು ಇನ್ನು ನಾನು ಮುಟ್ಟುವುದಿಲ್ಲ.